ಸೀಟಿನವಳು ಕೇಳ್ತಾಳೆ

ಗೇಟಿನ ಪಕ್ಕ ಬಿಟ್ಟಿದ್ದ ಚಪ್ಪಲಿಗಳನ್ನು ಕಾಲಿನ ಹೆಬ್ಬೆರಳಿನಿಂದ ಒಂದೊಂದಾಗಿ ಸರಿಸುತ್ತ, ಸೀಟಿನವಳದು ಯಾವುದು ಎಂದು ಹುಡುಕುತ್ತಿದ್ದಳು ಮೇಸ್ತ್ರಿಯ ಹೆಂಡತಿ. ಒಳಗೆ ಮುಂದಿನ ಕೋಣೆಯಲ್ಲಿ ಗಂಡನನ್ನು ಮಲಗಿಸಿದ್ದರು. ಅವನ ತಲೆಯ ಹತ್ತಿರ ಕೂತು ಅಳಬೇಕಾದವಳು ಹೀಗೆ ಬಿಸಿಲಿನಲ್ಲಿ ನಿಂತು ಬಂದವರ ಚಪ್ಪಲಿ ನೋಡುವುದು ಚೆನ್ನಾಗಿ ಕಾಣುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೆ ಅಳುವುದಕ್ಕೆ ಮುಂಚೆ ಒಂದು ವಿಷಯ ಇತ್ಯರ್ಥವಾಗಬೇಕಿತ್ತು.

ಸೀಟಿನವಳ ಚಪ್ಪಲಿಯನ್ನು ಎಲ್ಲಿದ್ದರೂ ಗುರುತು ಹಿಡಿಯಬಹುದು. ಕಾರಿನ ಸೀಟಿಗೆ ಕವರು ಹೊಲಿಯುವುದು ಅವಳ ಕಸುಬು. ಹೊಲಿದು ಉಳಿದ ಕಪ್ಪು ರೆಕ್ಸಿನ್ ತುಂಡನ್ನು ಹರಿದ ಪಟ್ಟಿಗೆ ಸುತ್ತಿ ದಪ್ಪ ದಾರದಲ್ಲಿ ಹೊಲಿದುಕೊಂಡ ಚಪ್ಪಲಿ ಅದು. ಇಲ್ಲಿ ಇರಲಿಲ್ಲ. ಹಾಗಾದರೆ ಇನ್ನೂ ಬಂದಿಲ್ಲ. ಬರದೆ ಎಲ್ಲಿಗೆ ಹೋಗುತ್ತಾಳೆ?

ಮಗಳು ಬಂದು ತೋಳು ಹಿಡಿದಳು. "ಎಷ್ಟು ಸಲ ಕರೆಯೋದು ಅಮ್ಮ? ಇಲ್ಲೇನ್ ಮಾಡ್ತಿದೀಯ?"

"ನೀನೆಲ್ಲಿ ಕರೆದೆ?"

"ಹೋಗ್ಲಿ. ಒಳಗೆ ಬಾ."

"ಚಪ್ಪಲಿ ದಾರೀಲಿ ಬಿದ್ದಿದ್ವು. ಸರಿ ಮಾಡ್ತಿದ್ದೆ."

ಒಳಗೆ ನಾದಿನಿ, ಅಂದರೆ ಮೇಸ್ತ್ರಿಯ ತಂಗಿ, ಅಕ್ಕಪಕ್ಕದ ಮನೆಯ ಇಬ್ಬರು ಹೆಂಗಸರೊಂದಿಗೆ ತಲೆಗೆ ತಲೆ ಕೊಟ್ಟು ಕೂತಿದ್ದಳು. ಮೇಸ್ತ್ರಿಯ ಹೆಂಡತಿ ಹೊಸಿಲು ದಾಟಿದ್ದೇ ತಡ, ಆಡುತ್ತಿದ್ದ ತುಟಿಗಳು ನಿಂತವು. ಅವಳಿಗೆ ಇದೇನೂ ಹೊಸದಲ್ಲ. ಈ ಮನೆಯಲ್ಲಿ ಕೆಲವು ವರ್ಷಗಳಿಂದ ಎಲ್ಲರೂ ಪಿಸುಮಾತಿನಲ್ಲೇ ಸಂಸಾರ ನಡೆಸುತ್ತಿದ್ದರು. ಗಂಡ ಮಗಳು ಎದುರುಬದುರು ಕೂತು ಬಾಯಿ ಆಡಿಸುತ್ತಿದ್ದರೆ ಇವಳ ಕಿವಿಗೆ ಒಂದಕ್ಷರ ಬೀಳುತ್ತಿರಲಿಲ್ಲ. ಇವಳು ಹತ್ತಿರ ಹೋದರೆ ಇಬ್ಬರೂ ಗಂಟಲು ಏರಿಸಿ ಬಿಸಿಲಿನ ವಿಷಯ ಮಾತಾಡುತ್ತಿದ್ದರು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ?

"ಏನು ಮಾತಾಡ್ತಿದ್ರಿ?" ಎಂದಳು ನಾದಿನಿಗೆ.

"ಏನಿಲ್ಲ ಅತ್ತಿಗೆ. ವ್ಯಾನು ಎಷ್ಟು ಹೊತ್ತಿಗೆ ಬರುತ್ತೋ ಅಂತ." ನಾದಿನಿ ಇಡೀ ಓಣಿಗೆ ಕೇಳುವ ಹಾಗೆ ಹೇಳಿದಳು.

"ಕಿರಚಬೇಡ. ಮನೇಲಿ ಸಾವಾಗಿದೆ."

ಗಂಡನ ಮುಖ ನೋಡಿದಳು. ಅದೇ ದೊಡ್ಡ ಮೂಗು, ಅದೇ ಒಂದು ಹುಬ್ಬು ಮೇಲೆ. ಎಂಥ ಸದ್ದಿಗಾದರೂ ಆ ಹುಬ್ಬು ಮೊದಲು ಏಳುತ್ತಿತ್ತು, ತಲೆ ಆಮೇಲೆ ತಿರುಗುತ್ತಿತ್ತು. ಈಗಲೂ ಏನನ್ನೋ ಕೇಳಿಸಿಕೊಳ್ಳುತ್ತಿರುವವನ ಹಾಗೇ ಮಲಗಿದ್ದ. ನಿನ್ನೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಇವನು ಬೆರಳು ಆಡಿಸಿ ಕರೆದಿದ್ದ. ಅವಳು ಬಗ್ಗಿದ್ದಳು. ಉಸಿರಿನ ಜೊತೆ ಏನೋ ಒಂದು ಸಣ್ಣ ಮಾತು ಬಂತು, ಅದು ತಿಳಿಯಲಿಲ್ಲ. ಆಮೇಲೆ ಕಷ್ಟಪಟ್ಟು ಬಿಡಿಸಿ ಹೇಳಿದ: "ಸೀಟಿನೋಳು ಕೇಳ್ತಾಳೆ."

"ಏನು ಕೇಳ್ತಾಳೆ?" ಎಂದಿದ್ದಳು ಇವಳು. "ರೀ, ಏನು ಕೇಳ್ತಾಳೆ ಅವಳು?"

ಅವನು ಕಣ್ಣು ಮುಚ್ಚಿದ. ಮಧ್ಯಾಹ್ನ ನರ್ಸಮ್ಮ ಬಂದು ಕೈ ಹಿಡಿದು ನೋಡಿ "ಹೋಯ್ತು" ಎಂದಳು. ಜೊತೆಗೆ ಬಾಳಿದ ಗಂಡ ಬೇರೊಬ್ಬಳ ಹೆಸರು ಬಾಯಲ್ಲಿಟ್ಟುಕೊಂಡು ಹೋದ. ಏನು ಕೇಳುತ್ತಾಳೆ? ಯಾವ ಸಲಿಗೆಯಿಂದ ಕೇಳುತ್ತಾಳೆ? ಅವನ ತಲೆಯ ಹತ್ತಿರ ಕೂರಲು ಜಾಗ ಕೇಳುತ್ತಾಳೆಯೋ, ಅವನ ಅಂಗಿ ಕೇಳುತ್ತಾಳೆಯೋ, ಇಷ್ಟು ದಿನ ಮುಚ್ಚಿಟ್ಟದ್ದನ್ನು ಹತ್ತು ಜನರ ಮುಂದೆ ಬಿಚ್ಚಿ "ನನಗೂ ಹಕ್ಕಿದೆ" ಎನ್ನುತ್ತಾಳೆಯೋ? ಕೇಳಲಿ. ಕೇಳುವ ತನಕ ಕಣ್ಣಿನಿಂದ ಒಂದು ಹನಿ ಬೀಳಬಾರದು ಎಂದು ಅವಳು ಹಟ ಹಿಡಿದು ಕೂತಳು.

*

ಮೇಸ್ತ್ರಿಗೆ ಕಾರಿನ ಎಂಜಿನ್ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಅವನ ಕಸುಬು ಬಾಗಿಲು. ಹಳೇ ಕಾರಿನ ಬಾಗಿಲು ವಯಸ್ಸಾದ ಹಾಗೆ ಕೀಲಿನಲ್ಲಿ ಸವೆದು ಜೋತುಬೀಳುತ್ತದೆ, ರಬ್ಬರು ಒಣಗಿ ಸಂದು ಬಿಡುತ್ತದೆ, ಬೀಗ ಕಚ್ಚುವ ಕೊಂಡಿ ಸಡಿಲವಾಗುತ್ತದೆ, ಆಮೇಲೆ ಗುಂಡಿ ಬಂದಾಗಲೆಲ್ಲ ಬಾಗಿಲು ಹಲ್ಲು ಕಡಿಯುತ್ತದೆ. "ಬಾಗಿಲು ಹಾಕೋದು ಬೇರೆ, ಕೂರಿಸೋದು ಬೇರೆ" ಎನ್ನುತ್ತಿದ್ದ ಅವನು. ಸುತ್ತಿಗೆಗೆ ಬಟ್ಟೆ ಸುತ್ತಿ ಮೆಲ್ಲಗೆ ತಟ್ಟುತ್ತಿದ್ದ. ಕೊಂಡಿಗೆ ಸೀಮೆಸುಣ್ಣ ಬಳಿದು, ಬಾಗಿಲು ಹಾಕಿ ತೆಗೆದು, ಎಲ್ಲಿ ತಾಗುತ್ತಿದೆ ಎಂದು ನೋಡುತ್ತಿದ್ದ. ಕೂತ ಬಾಗಿಲನ್ನು ಹಾಕಿದರೆ ಬಾಯಿ ಮುಚ್ಚಿದಷ್ಟೇ ಸದ್ದಾಗುತ್ತಿತ್ತು.

ಒಂದು ಮಾತ್ರ ಅವನೊಬ್ಬನಿಂದ ಆಗುತ್ತಿರಲಿಲ್ಲ. ಕಾರು ಓಡಿಸುವವನಿಗೆ ಹಿಂದಿನ ಬಾಗಿಲಿನ ಸದ್ದು ಎಲ್ಲಿ ಹುಟ್ಟುತ್ತಿದೆ ಎಂದು ತಿಳಿಯುವುದಿಲ್ಲ. ಇನ್ನೊಬ್ಬರು ಹಿಂದೆ ಕೂತು, ಬಾಗಿಲಿಗೆ ಅಂಗೈ ಒತ್ತಿ, ಕಿವಿಗೊಡಬೇಕು. ಒತ್ತಿದಾಗ ಸದ್ದು ಬದಲಾದರೆ ಅಲ್ಲೇ ಕಳ್ಳ ಕೂತಿದ್ದಾನೆ ಎಂದು ಅರ್ಥ. ಮದುವೆಯಾದ ಹೊಸದರಲ್ಲಿ ಎಲ್ಲ ಗಂಡಂದಿರೂ ಹೆಂಡತಿಯನ್ನು ತಿರುಗಾಡಿಸಲು ಕರೆದುಕೊಂಡು ಹೋದರೆ, ಇವನು ಗಿರಾಕಿಯ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಕಲ್ಲುಕೋರೆ ರಸ್ತೆಗೆ ಕರೆದುಕೊಂಡು ಹೋದ. ಆ ರಸ್ತೆಯಲ್ಲಿ ಗುಂಡಿ ಬಿಟ್ಟು ಬೇರೇನಿರಲಿಲ್ಲ.

"ಇದೆಯಾ?" ಎನ್ನುತ್ತಿದ್ದ, ತಿರುಗದೆ.

"ಇದೆ."

ಇಳಿದು ಬಂದು, ಅವಳ ಕೈ ಇದ್ದ ಕಡೆ ಏನೋ ಬಿಗಿದು, ಮತ್ತೆ ಓಡಿಸುತ್ತಿದ್ದ. "ಇದೆಯಾ?"

"ಸ್ವಲ್ಪ ಇದೆ. ಕೆಳಗೆ, ನೊಣ ಗುಂಯ್ಗುಟ್ಟಿದಷ್ಟು."

ಅವನಿಗೆ ಅದು ಕೇಳಿಸುತ್ತಿರಲಿಲ್ಲ, ಅವಳಿಗೆ ಕೇಳಿಸುತ್ತಿತ್ತು. ಕೊನೆಗೆ ಅವಳು "ಹೋಯ್ತು" ಎಂದರೆ ಕೆಲಸ ಮುಗಿಯಿತು. ಅವಳು "ಹೋಯ್ತು" ಎನ್ನದೆ ಒಂದು ಕಾರೂ ಶೆಡ್ಡಿನಿಂದ ಹೊರಗೆ ಹೋದದ್ದಿಲ್ಲ. "ನನ್ನ ಕೈ ಶೆಡ್ಡಲ್ಲಿದೆ, ಕಿವಿ ಮನೇಲಿದೆ" ಎಂದು ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದ. ಅವಳು ಹುಸಿಮುನಿಸು ತೋರಿಸಿ ಒಳಗೊಳಗೆ ಹಿಗ್ಗುತ್ತಿದ್ದಳು. ತಮ್ಮದೇ ಒಂದು ಹಳೇ ಕಾರು ಬಂದ ಮೇಲೂ ಅವಳು ಮುಂದಿನ ಸೀಟಿನಲ್ಲಿ ಕೂತವಳಲ್ಲ. ಹಿಂದೆ, ಎಡಗಡೆ, ಬಾಗಿಲಿಗೆ ಒರಗಿ ಕೂರುವುದೇ ಅಭ್ಯಾಸವಾಗಿತ್ತು.

ಆ ಹಿಂದಿನ ಸೀಟಿನಲ್ಲೇ ಅವಳು ತನ್ನ ತಾಯಿಯ ಕತೆಯನ್ನೂ ಹೇಳಿದ್ದಳು. ತಾಯಿ ಪೂರಾ ಕಿವುಡಿ. ಮನೆಯವರು ಎದುರಿಗೇ ನಿಂತು ನಗುತ್ತ ಬೈಯುತ್ತಿದ್ದರು, ತಾಯಿ ಹೊಗಳುತ್ತಿದ್ದಾರೆ ಎಂದುಕೊಂಡು ತಾನೂ ನಗುತ್ತಿದ್ದಳು. "ಬೇರೆ ಏನಾದ್ರೂ ಬರ್ಲಿ, ನಂಗೆ ಆ ಗತಿ ಮಾತ್ರ ಬರಬಾರ್ದು ರೀ" ಎಂದಿದ್ದಳು. ಅವನು ಕನ್ನಡಿಯಲ್ಲಿ ಅವಳ ಮುಖ ನೋಡಿದ್ದ.

*

"ಅತ್ತಿಗೆ, ಹಾರ ಬಂತು," ಎಂದ ಪೇಂಟರು ಬಾಗಿಲಲ್ಲಿ ನಿಂತು. ಅವನ ಶೆಡ್ಡೂ ಮೇಸ್ತ್ರಿಯ ಶೆಡ್ಡೂ ಅಂಟಿಕೊಂಡಿದ್ದವು. ಸಾವಿನ ಮನೆಗೆ ಒಗೆದ ಅಂಗಿ ಹಾಕಿಕೊಂಡು ಬಂದಿದ್ದರೂ ಉಗುರಿನಲ್ಲಿ ನೀಲಿ ಬಣ್ಣ ಉಳಿದಿತ್ತು.

"ಕಾರು ಇಲ್ಲೇ ಇದೆಯಲ್ಲಪ್ಪ. ನೀನೇ ತಂದು ನಿಲ್ಲಿಸಿದೀಯ."

ಪೇಂಟರು ಕೈಯಲ್ಲಿದ್ದ ಹೂವಿನ ಹಾರವನ್ನು ಎತ್ತಿ ತೋರಿಸಿದ. ನಾದಿನಿ ಬಂದು ಇಸಿದುಕೊಂಡಳು. ಅವನು ಹೋಗಲಿಲ್ಲ. ಏನಾದರೂ ಮಾತಾಡಬೇಕಲ್ಲ ಎಂದು ಮಾತಾಡಿದ, ಮೌನಕ್ಕೆ ಹೆದರುವ ಜಾತಿ ಅವನು.

"ಮೇಸ್ತ್ರಿ ಊರಿನ ಕಾರಿನ ಬಾಗಿಲೆಲ್ಲ ಕೂರಿಸಿದ್ರು. ತಮ್ಮದೊಂದು ಬಿಟ್ಟು. ದೀಪದ ಕೆಳಗೆ ಕತ್ತಲು ಅನ್ನೋದು ಸುಮ್ನೆ ಅಲ್ಲ ನೋಡಿ. ಶೆಡ್ಡಿಂದ ಇಲ್ಲಿಗೆ ತರೋಷ್ಟರಲ್ಲಿ ತಲೆ ಚಿಟ್ಟು ಹಿಡೀತು ಅತ್ತಿಗೆ. ಡಬ್ಬಿಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ."

"ಯಾವ ಬಾಗಿಲು?"

"ಹಿಂದಿನದು. ಎಡಗಡೇದು."

"ಬಾಯಿಗೆ ಬಂದಂಗೆ ಮಾತಾಡ್ಬೇಡ. ಅದರ ಸದ್ದು ಹೋಗಿ ವರ್ಷಾನುಗಟ್ಟಲೆ ಆಯ್ತು. ನಾನೇ ಕೂತು ನೋಡಿ ಹೋಯ್ತು ಅಂದಿದೀನಿ."

ಪೇಂಟರ ಬಾಯಿ ತೆರೆದುಕೊಂಡೇ ಉಳಿಯಿತು. ಅವನು ಅವಳ ಭುಜದ ಮೇಲಿನಿಂದ ಹಿಂದೆ ನೋಡಿದ. ಅವಳು ಥಟ್ಟನೆ ತಿರುಗಿದಳು. ಹಿಂದೆ ಮಗಳು ನಿಂತಿದ್ದಳು. ತುಟಿಯ ಮೇಲಿಟ್ಟ ಬೆರಳನ್ನು ಇಳಿಸುತ್ತಿದ್ದಳು.

"ಏನದು?" ಎಂದಳು.

"ಏನಿಲ್ಲಮ್ಮ."

ಏನಿಲ್ಲ! ಈ ಮನೆಯಲ್ಲಿ ಎಲ್ಲಕ್ಕೂ ಅದೇ ಉತ್ತರ. ಮೇಸ್ತ್ರಿಯ ಹೆಂಡತಿ ಗೋಡೆಗೆ ಒರಗಿ ಲೆಕ್ಕ ಹಾಕಿದಳು. ಬಾಗಿಲ ಕಸುಬಿನವನ ಜೊತೆ ಬಾಳಿದವಳಿಗೆ ಅಷ್ಟು ತಿಳಿಯದೇ? ಕೂರಿಸಿದ ಬಾಗಿಲು ತಾನಾಗಿ ಸಡಿಲವಾಗುವುದಿಲ್ಲ. ಯಾರೋ ಅದನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಬೇಕು. ಅಂದರೆ ತನ್ನ ಕಾರಿನಲ್ಲಿ, ತನ್ನ ಜಾಗದಲ್ಲಿ, ಹಿಂದಿನ ಎಡಗಡೆಯ ಸೀಟಿನಲ್ಲಿ ಯಾರೋ ಹತ್ತಿ ಇಳಿದು ಮಾಡಿದ್ದಾರೆ. ಯಾರು ಎನ್ನುವುದನ್ನು ಪೇಂಟರೂ ಬಲ್ಲ, ಮಗಳೂ ಬಲ್ಲಳು. ಹೆತ್ತ ಮಗಳೂ ಅಪ್ಪನ ಪಕ್ಷ.

ಸತ್ತವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ. ಎದ್ದು ಜಗಳವಾಡುವುದಿಲ್ಲ, ಮುನಿಸಿಕೊಂಡು ಹೊರಗೆ ಹೋಗುವುದಿಲ್ಲ, ಸುಮ್ಮನೆ ಹುಬ್ಬು ಏರಿಸಿಕೊಂಡು ಮಲಗಿರುತ್ತಾನೆ.

*

ಆ ಅನುಮಾನ ಶುರುವಾದದ್ದು ಹೀಗೆ. ಅವಳು "ಹೋಯ್ತು" ಎಂದ ಕಾರುಗಳು ಒಂದೊಂದಾಗಿ ವಾಪಸು ಬರತೊಡಗಿದವು. "ಆ ಬಿಳೀ ಕಾರು ಯಾಕೆ ಮತ್ತೆ ಬಂತು?" ಎಂದರೆ, "ಈಗಿನ ರಬ್ಬರೇ ಸರಿಯಿಲ್ಲ" ಎನ್ನುತ್ತಿದ್ದ. "ಈ ಹಸಿರು ಕಾರು?" "ಅವನು ಬಾಗಿಲನ್ನ ಒದ್ದು ಹಾಕ್ತಾನೆ, ಬಾಗಿಲು ಏನ್ ಮಾಡುತ್ತೆ ಪಾಪ." ಆಮೇಲೆ ಅವನು ಶೆಡ್ಡಿಗೆ ಕರೆಯುವುದೇ ಕಡಿಮೆಯಾಯಿತು. ಕರೆದಾಗ ಹೋಗಿ ಕೂರುತ್ತಿದ್ದಳು, ಅವಳು "ಹೋಯ್ತು" ಎಂದರೆ ಅವನು ಕನ್ನಡಿಯಲ್ಲಿ ಅವಳನ್ನು ನೋಡಿ "ಹೂಂ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಅವನು ಮರೆತುಹೋದ ಊಟದ ಡಬ್ಬಿ ಹಿಡಿದು ಶೆಡ್ಡಿಗೆ ಹೋದಳು. ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಇನ್ನೊಂದು ಪಕ್ಕದ ಶೆಡ್ಡಿನಲ್ಲಿ ಸೀಟಿನವಳ ಹೊಲಿಗೆ ಮೆಷಿನ್ನೂ ಖಾಲಿ ಕೂತಿತ್ತು. ಸ್ವಲ್ಪ ಹೊತ್ತಿಗೆ ಕಲ್ಲುಕೋರೆ ರಸ್ತೆಯ ಕಡೆಯಿಂದ ಧೂಳೆಬ್ಬಿಸಿಕೊಂಡು ಒಂದು ಕಾರು ಬಂದು ನಿಂತಿತು. ಮುಂದಿನಿಂದ ಮೇಸ್ತ್ರಿ ಇಳಿದ. ಹಿಂದಿನಿಂದ ಸೀಟಿನವಳು ಇಳಿದಳು, ಏನೋ ಹೇಳಿ ನಗುತ್ತ, ತಲೆಯ ಧೂಳು ಕೊಡವಿಕೊಳ್ಳುತ್ತ.

ನೋಡಿದರೆ ಅದೇ ಕಾರು. ಹಿಂದಿನ ದಿನ ತಾನೇ ಕೂತು "ಹೋಯ್ತು" ಎಂದಿದ್ದ ಕಾರು. ಕೆಲಸ ಮುಗಿದ ಕಾರಿನಲ್ಲಿ ಇನ್ನೊಬ್ಬಳನ್ನು ಕೂರಿಸಿಕೊಂಡು ಆ ರಸ್ತೆಗೆ ಹೋಗುವಂಥದ್ದು ಏನಿತ್ತು?

"ಸೀಟಿನ ಅಳತೆ ತಗೋಬೇಕಿತ್ತು," ಎಂದ ಮೇಸ್ತ್ರಿ.

"ಓಡೋ ಕಾರಲ್ಲಾ?"

ಬಾಗಿಲು ಕೂರಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ, ಆದರೆ ಸುಳ್ಳು ಕೂರಿಸಲು ಅವನಿಗೆ ಬರುತ್ತಿರಲಿಲ್ಲ. ಅವನ ಸುಳ್ಳಿಗೆ ಯಾವಾಗಲೂ ಬೆರಳು ತೂರುವಷ್ಟು ಸಂದು ಇರುತ್ತಿತ್ತು. ಅವಳು ಡಬ್ಬಿಯನ್ನು ನೆಲಕ್ಕೆ ಕುಕ್ಕಿ ಮನೆಗೆ ಬಂದಳು. ಆಮೇಲೆ ಶೆಡ್ಡಿನ ಕಡೆ ಕಾಲಿಡಲಿಲ್ಲ. ಅವನು ಎಷ್ಟೋ ಸಲ ಏನೋ ಹೇಳಲು ಬಾಯಿ ತೆರೆದು, ಅವಳ ಮುಖ ನೋಡಿ, ಮುಚ್ಚಿದ್ದುಂಟು.

ರಜೆಯ ದಿನ ತಮ್ಮ ಕಾರಿನಲ್ಲಿ ಹೊರಗೆ ಹೋದರೆ ಮಾತ್ರ ಹಳೇ ಚಾಳಿ ಬಿಡುತ್ತಿರಲಿಲ್ಲ. "ಇದೆಯಾ?" ಎನ್ನುತ್ತಿದ್ದ ತಿರುಗದೆ. ಮೊದಮೊದಲು "ಇದೆ, ನಿಮ್ಮ ಕಾರನ್ನಾದ್ರೂ ಸರಿ ಮಾಡಿ" ಎನ್ನುತ್ತಿದ್ದಳು. ಒಂದು ದಿನ ನಿಜವಾಗಿಯೂ ಸದ್ದಿರಲಿಲ್ಲ. "ಹೋಯ್ತು. ಕೊನೆಗೂ ದೇವರು ಬುದ್ಧಿ ಕೊಟ್ಟ" ಎಂದಳು. ಮೆಚ್ಚುತ್ತಾನೆ ಎಂದುಕೊಂಡಿದ್ದಳು. ಅವನು ದಾರಿಯುದ್ದಕ್ಕೂ ಮಾತಾಡಲಿಲ್ಲ.

*

ವ್ಯಾನು ಬಂದು ಗೇಟಿನ ಮುಂದೆ ನಿಂತಾಗ ಅವಳು ನೀರು ಕುಡಿಯಲು ಅಡುಗೆಮನೆಗೆ ಹೋದಳು. ಹಿತ್ತಲ ಬಾಗಿಲಿನ ಹೊರಗೆ, ಮೆಟ್ಟಿಲ ಮೇಲೆ, ಕಪ್ಪು ರೆಕ್ಸಿನ್ ಸುತ್ತಿದ ಚಪ್ಪಲಿ ಇತ್ತು.

ಸೀಟಿನವಳು ನೀರಿನ ಕೊಡದ ಪಕ್ಕ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಮೇಸ್ತ್ರಿಯ ಹೆಂಡತಿಗೆ ಅದನ್ನು ನೋಡಿ ಮೈ ಉರಿಯಿತು. ತಾನು ತಡೆದಿಟ್ಟುಕೊಂಡ ಅಳುವನ್ನು ಇವಳು ಧಾರಾಳವಾಗಿ ಖರ್ಚು ಮಾಡಿದ್ದಾಳೆ.

"ಅಕ್ಕ," ಎಂದಳು ಸೀಟಿನವಳು, ಅವಳ ಎದುರಿಗೆ ಬಂದು, ಒಂದೊಂದೇ ಮಾತು ಬಿಡಿಸಿ. "ನಿಮ್ಮನ್ನ ಒಂದು ಕೇಳ್ಲಾ?"

ಬಂತು ನೋಡು, ಎಂದುಕೊಂಡಳು ಅವಳು.

"ಕೇಳಮ್ಮ, ಕೇಳು. ಅವರೂ ಹೇಳಿಯೇ ಹೋಗಿದಾರೆ. ಕೊನೇ ಉಸಿರಲ್ಲಿ ಹೆಂಡ್ತಿ ಹೆಸರಿಲ್ಲ, ಮಗಳ ಹೆಸರಿಲ್ಲ. ಸೀಟಿನೋಳು ಕೇಳ್ತಾಳೆ, ಅಂದ್ರು. ಏನು ಬೇಕು ನಿಂಗೆ? ಎಲ್ಲರನ್ನೂ ಕರೀತೀನಿ, ಎಲ್ಲರ ಮುಂದೆ ಕೇಳು."

ಕರೆಯುವ ಅಗತ್ಯ ಬೀಳಲಿಲ್ಲ. ಅವಳ ಗಂಟಲಿಗೆ ಮಗಳೂ ನಾದಿನಿಯೂ ಆಗಲೇ ಅಡುಗೆಮನೆಯ ಬಾಗಿಲಿಗೆ ಬಂದಿದ್ದರು.

"ಹಾಗಂದ್ರಾ?" ಎಂದಳು ಸೀಟಿನವಳು ಮೆಲ್ಲಗೆ. ಆಮೇಲೆ ನೆನಪಾದವಳಂತೆ ಜೋರಾಗಿ, "ನಾನು ಕೇಳ್ಬೇಕು ಅಂತಿದ್ದದ್ದು ಇಷ್ಟೇ ಅಕ್ಕ. ಕಾರಲ್ಲಿ ನಿಮ್ಮ ಪಕ್ಕ ನಾನು ಕೂತ್ಕೊಳ್ಲಾ ಅಂತ."

"ಹಿಂದಿನ ಸೀಟು ನಿಂಗೇನು ಹೊಸದಾ? ಏನ್ ಮಾಡ್ತಿದ್ದೆ ಅಲ್ಲಿ ಕೂತು? ಇವತ್ತು ಹೇಳ್ಬಿಡು."

"ನೀವು ಮಾಡ್ತಿದ್ದ ಕೆಲಸಾನೇ. ಬಾಗಿಲಿಗೆ ಕೈ ಇಟ್ಟು ಕೇಳ್ತಿದ್ದೆ."

"ಕೇಳೋಕೆ ನಾನಿದ್ದೆನಲ್ಲ! ನಾನು ಹೋಯ್ತು ಅಂದ ಮೇಲೆ ನೀನು ಕೇಳೋದು ಏನಿರುತ್ತೆ?"

ಸೀಟಿನವಳ ಕಣ್ಣು ಮೇಸ್ತ್ರಿಯ ಹೆಂಡತಿಯ ಬೆನ್ನ ಹಿಂದಿನ ಗೂಡಿನ ಕಡೆ ಹೋಯಿತು. ಮಗಳೂ ಅಲ್ಲಿಗೇ ನೋಡಿದಳು. ನಾದಿನಿಯೂ ನೋಡಿದಳು.

"ಅಕ್ಕ, ಫೋನು."

"ಯಾವ ಫೋನು?"

"ನಿಮ್ಮದು. ಆಗಿನಿಂದ ಹೊಡ್ಕೊಳ್ತಿದೆ."

"ಅದು ಕೆಟ್ಟಿದೆ. ರಿಂಗೇ ಆಗಲ್ಲ. ಇವರಿಗೆ ಎಷ್ಟು ಸಲ ಹೇಳಿದೆ ರಿಪೇರಿ ಮಾಡಿಸಿ ಅಂತ."

"ಆಗ್ತಿದೆ ಅಕ್ಕ."

ಅವಳು ತಿರುಗಿದಳು. ಗೂಡಿನಲ್ಲಿ ಸಕ್ಕರೆ ಡಬ್ಬಿಯ ಪಕ್ಕ ಫೋನಿನ ಬೆಳಕು ಹೊತ್ತಿಕೊಂಡಿತ್ತು. ಕೈಗೆ ತೆಗೆದುಕೊಂಡಳು. ಅದು ಅಂಗೈಯಲ್ಲಿ ನಡುಗುತ್ತಿತ್ತು. ಸದ್ದಿರಲಿಲ್ಲ. ಕಿವಿಗೆ ಹಿಡಿದಳು, ಸದ್ದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಎರಡೂ ಮುಖಗಳನ್ನು ನೋಡಿದಳು. ಫೋನಿನ ಬೆಳಕು ಆರುವ ತನಕ ಅವರಿಬ್ಬರೂ ಮುಖ ಕಿವುಚಿಕೊಂಡಿದ್ದರು, ಆರಿದಾಗ ಒಟ್ಟಿಗೆ ಉಸಿರು ಬಿಟ್ಟರು. ಸದ್ದು ನಿಂತಾಗ ಜನ ಬಿಡುವ ಉಸಿರು ಅದು. ಕಾರಿನ ಹಿಂದಿನ ಸೀಟಿನಲ್ಲಿ ಅವಳೇ ಎಷ್ಟು ಸಲ ಅದನ್ನು ಬಿಟ್ಟಿರಲಿಲ್ಲ!

ವಾಪಸು ಬಂದ ಕಾರುಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. ಬಿಳಿಯದು, ಹಸಿರಿನದು.

"ಮೊದ್ಲು ಏನೋ ಅಂದ್ರು," ಎಂದಳು ನಿಧಾನವಾಗಿ. "ಸೀಟಿನೋಳು ಅನ್ನೋಕೆ ಮುಂಚೆ. ಅದು ನಂಗೆ ತಿಳೀಲಿಲ್ಲ."

"'ಸದ್ದು' ಅಂದ್ರಮ್ಮ." ಮಗಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ನಾನು ಕಾಲ ಹತ್ರ ನಿಂತಿದ್ದೆ. 'ಸದ್ದು ಸೀಟಿನೋಳು ಕೇಳ್ತಾಳೆ' ಅಂದ್ರು. ನಿಂಗೆ ತಿಳೀತು ಅಂದ್ಕೊಂಡೆ."

ಕೇಳ್ತಾಳೆ. ಬೇಡುತ್ತಾಳೆ ಎಂದಲ್ಲ. ಕಿವಿಯಿಂದ ಕೇಳುತ್ತಾಳೆ ಎಂದು. ಒಂದು ಮಾತಿಗೆ ಎರಡು ಬಾಗಿಲು, ಅವಳು ತಪ್ಪು ಬಾಗಿಲನ್ನು ತಟ್ಟುತ್ತ ನಿಂತಿದ್ದಳು.

"ಡಾಕ್ಟರಿಗೆ ತೋರಿಸೋಣ ಅಂತ ನಾನೊಂದ್ಸಲ ಅಂದೆನಲ್ಲಮ್ಮ," ಎಂದಳು ಮಗಳು. "ನೀನು ಎಷ್ಟು ರಂಪ ಮಾಡ್ದೆ. ನನ್ನನ್ನ ಅಜ್ಜಿ ಥರ ಕಿವುಡಿ ಅಂತೀಯಾ ಅಂತ ಊಟ ಬಿಟ್ಟೆ. ಆಮೇಲೆ ಅಪ್ಪ ನಮ್ಮೆಲ್ಲರ ಬಾಯಿ ಕಟ್ಟಿಹಾಕಿದ್ರು. ಅವಳಿಗೆ ಗೊತ್ತಾದ್ರೆ ಹಿಂದಿನ ಸೀಟಲ್ಲಿ ಕೂರೋದೇ ಬಿಡ್ತಾಳೆ ಅಂದ್ರು."

"ನಮ್ಮ ಕಾರಿನ ಬಾಗಿಲು?"

ಸೀಟಿನವಳು ಹೇಳಿದಳು. "ಅದನ್ನ ಅವ್ರು ಬೇಕಂತಲೇ ಸಡಿಲ ಬಿಟ್ಟಿದ್ರು ಅಕ್ಕ. ನಿ‍ಮಗೆ ಎಷ್ಟು ಕೇಳುತ್ತೆ ಅಂತ ತಿಳ್ಕೊಳ್ಳೋಕೆ. ನೀವು ಹೋಯ್ತು ಅಂದ್ರಲ್ಲ, ಮಾರನೇ ದಿನ ಶೆಡ್ಡಿಗೆ ಬಂದು ಸ್ಪ್ಯಾನರ್ ಹಿಡ್ಕೊಂಡು ಸುಮ್ನೆ ಕೂತಿದ್ರು. ಆಮೇಲೆ ಕೊಂಡೀನ ಇನ್ನೂ ಸಡಿಲ ಮಾಡಿದ್ರು. ಪ್ರತಿ ಸಲ ಇನ್ನಷ್ಟು. ನೀವು ಒಂದ್ಸಲ ಇದೆ ಅನ್ಲಿ ಅಂತ."

ಮೇಸ್ತ್ರಿಯ ಹೆಂಡತಿ ಕೊಡದ ಪಕ್ಕ ನೆಲದ ಮೇಲೆ ಕೂತಳು.

"ಹಾಗಾದ್ರೆ ಎಲ್ಲರೂ ಸೇರಿ ನನ್ನ ಕಿವಿಗೆ ಹೂ ಇಟ್ರಿ," ಎಂದಳು. "ಆ ಮನುಷ್ಯ ನನ್ನ ಮುಂದೆ ಕಳ್ಳನ ಥರ ಓಡಾಡಿದ. ನಾನು ಅವನ ಅಂಗಿ ಮೂಸಿ ನೋಡಿದೆ. ಅನ್ನ ಇಕ್ಕೋವಾಗ ತಟ್ಟೆ ಕುಕ್ಕಿದೆ. ಒಂದು ಮಾತು ಅನ್ನಬಾರದಿತ್ತಾ? ಕಿವುಡಿ ಅಂದಿದ್ರೆ ಮೂರು ದಿನ ಅಳ್ತಿದ್ದೆ. ಹಾದರಗಿತ್ತಿ ಅಂತ ಇವಳನ್ನ ಇಷ್ಟು ವರ್ಷ ಶಪಿಸಿದೆನಲ್ಲ..."

ಸೀಟಿನವಳು ಪಕ್ಕಕ್ಕೆ ಬಂದು ಕೂತು ಅವಳ ಕೈ ಹಿಡಿದುಕೊಂಡಳು. ಆಗ ಅಳು ಬಂತು. ಮುಂದಿನ ಕೋಣೆಯ ಗಂಡಸರೆಲ್ಲ ಎದ್ದು ನಿಂತರು, ಬೀದಿಯಲ್ಲಿ ವ್ಯಾನಿನ ಡ್ರೈವರು ಬೀಡಿ ಕೆಳಗೆ ಹಾಕಿದ. ತಾನು ಎಷ್ಟು ಜೋರಾಗಿ ಅಳುತ್ತಿದ್ದೇನೆ ಎಂದು ಅವಳಿಗೆ ತಿಳಿಯಲಿಲ್ಲ.

*

ಮೇಸ್ತ್ರಿ ಮುಂದಿನ ವ್ಯಾನಿನಲ್ಲಿ ಹೋದ. ಹಿಂದೆ ಅವನ ಹಳೇ ಕಾರು. ಪೇಂಟರು ಓಡಿಸುತ್ತಿದ್ದ, ಪಕ್ಕದಲ್ಲಿ ಮಗಳು. ಹಿಂದೆ ಎಡಗಡೆ ಮೇಸ್ತ್ರಿಯ ಹೆಂಡತಿ, ಬಲಗಡೆ ಸೀಟಿನವಳು. ಪೇಂಟರು ಬಾಗಿಲು ಬಡಿದುಕೊಳ್ಳದಿರಲಿ ಎಂದು ಹೆಣ್ಣು ನೋಡಲು ಹೊರಟವನ ಹಾಗೆ ಮೆಲ್ಲಗೆ ಓಡಿಸುತ್ತಿದ್ದ.

ಕೂಡುರಸ್ತೆಯಲ್ಲಿ ವ್ಯಾನು ಹೊಸ ಡಾಂಬರಿನ ಕಡೆ ತಿರುಗಿತು.

"ನೀನು ಆ ಕಡೆ ತಿರುಗಬೇಡ," ಎಂದಳು ಅವಳು. "ಕಲ್ಲುಕೋರೆ ರಸ್ತೇಲಿ ಹೋಗು."

"ಅತ್ತಿಗೆ, ಅಲ್ಲಿ ಬರೀ ಗುಂಡಿ." ಪೇಂಟರು ಕನ್ನಡಿಯಲ್ಲಿ ನೋಡುತ್ತ ದೊಡ್ಡದಾಗಿ ಹೇಳಿದ. "ವ್ಯಾನು ಮೊದ್ಲು ಹೋಗಿ ಮುಟ್ಟಿಬಿಡುತ್ತೆ."

"ಮುಟ್ಟಲಿ. ಅವರಿಗೇನು ಅವಸರ? ಕಾಯ್ತಾರೆ."

ಪೇಂಟರು ಮಗಳ ಮುಖ ನೋಡಿದ. ಮಗಳು ತಲೆಯಾಡಿಸಿದಳು. ಕಾರು ಎಡಕ್ಕೆ ತಿರುಗಿ ಮಣ್ಣಿಗೆ ಇಳಿಯಿತು.

ಮೊದಲ ಗುಂಡಿಗೆ ಪೇಂಟರ ಹೆಗಲು ಕುಗ್ಗಿತು, ಮಗಳು ಕಣ್ಣು ಮುಚ್ಚಿದಳು, ಸೀಟಿನವಳು ಹಲ್ಲು ಕಚ್ಚಿದಳು. ಮೂವರ ಮೇಲೂ ಏನೋ ಬಂದು ಬಡಿಯಿತು. ಮೇಸ್ತ್ರಿಯ ಹೆಂಡತಿಗೆ ಎಂಜಿನ್ನಿನ ಗುರುಗುಟ್ಟುವಿಕೆ ಬಿಟ್ಟು ಬೇರೇನೂ ಇರಲಿಲ್ಲ. ಅವಳು ಎಡಗೈಯನ್ನು ಸೆರಗಿನಿಂದ ಒರೆಸಿ, ಬಾಗಿಲಿಗೆ ಅಂಗೈ ಒತ್ತಿದಳು.

ಏನೂ ಇಲ್ಲ. ಇನ್ನೊಂದು ಗುಂಡಿ. ಕೈಯನ್ನು ಗಾಜಿನ ಕೆಳಗಿನಿಂದ ಹಿಡಿಕೆಯ ಹತ್ತಿರಕ್ಕೆ ಸರಿಸಿದಳು. ಅಲ್ಲೂ ಇಲ್ಲ. ಬೀಗದ ಕಡೆಗೆ, ಸ್ವಲ್ಪ ಕೆಳಕ್ಕೆ. ಕಾರು ಕುಲುಕಿತು. ತಗಡಿನ ಆಚೆಯಿಂದ, ಅವನು ಸಡಿಲ ಮಾಡಿ ಬಿಟ್ಟ ಕೊಂಡಿ ಅವಳ ಅಂಗೈಗೆ ತಟತಟ ತಟ್ಟಿತು.

ಸೀಟಿನವಳು ಏನೋ ಹೇಳಲು ಬಾಯಿ ತೆರೆದಳು. ಅವಳು ಬಲಗೈ ಎತ್ತಿ ತಡೆದಳು.

"ಇದೆ," ಎಂದಳು ಮುಂದಿನ ಸೀಟಿನ ಕಡೆಗೆ, ಯಾರೂ ಕೇಳದಿದ್ದರೂ.

ರಸ್ತೆ ಮುಗಿಯುವ ತನಕ ಕೈ ತೆಗೆಯಲಿಲ್ಲ.